ನೀರೆರೆಯುವ ಮುಹೂರ್ತ

ನೀರು ಕದ್ದೊಯ್ಯುವವರನ್ನು ಕಾಯುವ ಊರು ಬೆಂಗಳೂರು. ನಮ್ಮ ಮನೆಯಲ್ಲಿ ಮಾತ್ರ ಕಾರ್ತೀಕ ಮುಗಿಯುತ್ತಿದ್ದಂತೆ ನೀರು ಕದ್ದು ತಂದು ಹಾಕುವವರನ್ನು ಕಾಯುವ ಕೆಲಸ ಶುರುವಾಗುತ್ತದೆ. ಕಾವಲುಗಾರ್ತಿ ನಾನು. ಕಾವಲು ಬಾಲ್ಕನಿಯ ಕಂಬಿಗೆ ತೂಗುಬಿಟ್ಟಿರುವ ಡೆಂಡ್ರೋಬಿಯಂ ಆರ್ಕಿಡ್‌ಗಳಿಗೆ. ಚಳಿಗಾಲದಲ್ಲಿ ಅವನ್ನು ಗಿಡ ಅನ್ನುವುದಕ್ಕೂ ಧೈರ್ಯ ಬೇಕು. ಎಲೆಯೆಲ್ಲ ಹಳದಿಯಾಗಿ ಉದುರಿ, ಇದ್ದಿಲ ಚೂರುಗಳ ನಡುವೆ ಗೆಣ್ಣು ಗೆಣ್ಣಿನ ಕಡ್ಡಿಗಳಷ್ಟೇ ನಿಂತಿರುತ್ತವೆ. ಕಡ್ಡಿಯ ಮೈತುಂಬ ಉದ್ದುದ್ದ ಸುಕ್ಕು. ಮನೆಗೆ ಬಂದವರು ಮೊದಲು ಅತ್ತ ನೋಡುತ್ತಾರೆ, ಆಮೇಲೆ ನನ್ನತ್ತ. ಬಾಣಂತಿಗೆ ಅನ್ನ ಹಾಕದ ಮನೆಯವರನ್ನು ನೋಡುವ ನೋಟ ಅದು.

ಅತ್ತೆಯವರಂತೂ ನೋಟಕ್ಕೇ ನಿಲ್ಲಿಸುವವರಲ್ಲ. "ಪಾಪ ಕಣೇ, ಬಾಯಿಲ್ಲದ ಜೀವ. ಒಂದು ಲೋಟ ನೀರು ಹಾಕಿದರೆ ನಿನ್ನ ಗಂಟೇನು ಹೋಗುತ್ತೆ?" ಬಾಗಿಲಿಗೆ ಬಂದ ಅಪರಿಚಿತರಿಗೂ ಮೊದಲು ನೀರು, ಬೆಲ್ಲ ಕೊಟ್ಟು ಆಮೇಲೆ ಯಾವೂರು ಎಂದು ಕೇಳಿದ ವಂಶ ಅವರದು. "ಅದು ನಿದ್ದೆ ಮಾಡ್ತಿದೆ ಅತ್ತೆ" ಎಂದರೆ, "ನಿದ್ದೆಯಲ್ಲೂ ಬಾಯಾರುತ್ತೆ" ಎನ್ನುತ್ತಾರೆ. ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿಕೊಂಡು ಅಕ್ಕಿ ತೊಳೆದ ಅಕ್ಕಚ್ಚು ಬಾಲ್ಕನಿಗೆ ಸಾಗುತ್ತದೆ. ಕುಂಡದ ತಳದಲ್ಲಿ ಇನ್ನೂ ತೊಟ್ಟಿಕ್ಕುತ್ತಿರುವ ಬಿಳಿ ಹನಿಯೇ ಸಾಕ್ಷಿ. ವಿಚಾರಣೆ ಮಾಡುವ ಧೈರ್ಯ ಯಾವ ಸೊಸೆಗಿದೆ?

ಈ ಗಿಡದ ಹೆಸರು ಡೆಂಡ್ರೋಬಿಯಂ ನೊಬೈಲ್. ಹಿಮಾಲಯದ ತಪ್ಪಲಿನದು, ಸಿಕ್ಕಿಂನ ರಾಜ್ಯಪುಷ್ಪ. ಅಲ್ಲಿ ಮಳೆಗಾಲದಲ್ಲಿ ನೆನೆದು ತೊಪ್ಪೆಯಾಗುತ್ತದೆ. ಚಳಿಗಾಲದಲ್ಲಿ ಒಣಹವೆ, ತಣ್ಣನೆ ರಾತ್ರಿ, ಇಬ್ಬನಿ ಬಿಟ್ಟರೆ ಬೇರೇನೂ ಸಿಗದು. ಆ ಉಪವಾಸದಲ್ಲೇ ಅದು ಹೂವಿನ ತಯಾರಿ ಮಾಡಿಕೊಳ್ಳುವುದು. ಬೇಕಾದ ನೀರನ್ನು ಆ ದಪ್ಪ ಕಡ್ಡಿಗಳಲ್ಲಿ ಮೊದಲೇ ತುಂಬಿಕೊಂಡಿರುತ್ತದೆ. ಈ ಹೊತ್ತಿನಲ್ಲಿ ಅಂತಃಕರಣ ಉಕ್ಕಿ ನೀರು, ಗೊಬ್ಬರ ಸುರಿದಿರೋ, ಗೆಣ್ಣಿನಲ್ಲಿ ಮೊಗ್ಗು ಬರಬೇಕಾದ ಜಾಗದಲ್ಲಿ ಪುಟ್ಟ ಮರಿಗಿಡ ಏಳುತ್ತದೆ. ಅಕ್ಕಚ್ಚು ಕುಡಿದ ಕುಂಡದಲ್ಲಿ ಆದದ್ದೂ ಅದೇ. ಹೂವಿಲ್ಲ, ಗೆಣ್ಣಿಗೊಂದು ಮರಿ. ಅತ್ತೆಯವರ ಮುಖದಲ್ಲಿ ವಿಜಯದ ಕಳೆ. "ನೋಡು, ಮಕ್ಕಳಾಗಿವೆ! ಒಂದೇ ಸಾಕು ಅನ್ನೋರ ಮನೇಲಿ ಗಿಡಕ್ಕಾದರೂ ಬುದ್ಧಿ ಇದೆ." ಆ ಮಾತು ಗಿಡದ ಬಗ್ಗೆಯಲ್ಲ ಎಂಬುದು ನನಗೂ ಗೊತ್ತು, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ ಅವರ ಮಗನಿಗೂ ಗೊತ್ತು.

ಸರಿ, ನೀರು ನಿಲ್ಲಿಸಿದ್ದಾಯಿತು. ಮತ್ತೆ ಶುರುಮಾಡುವುದು ಯಾವಾಗ? ಇದಕ್ಕೆ ಉತ್ತರ ಹೇಳದವರು ನಮ್ಮ ಬೀದಿಯಲ್ಲಿ ಇಲ್ಲ. ಎದುರು ಮನೆಯ ನಿವೃತ್ತರು ಸಂಕ್ರಾಂತಿ ಎನ್ನುತ್ತಾರೆ. ಉತ್ತರಾಯಣ ಅಲ್ಲವೇ, ಭೀಷ್ಮರೇ ಕಾದಿದ್ದರು. ರಥಸಪ್ತಮಿಯಿಂದ ಬಿಸಿಲು ಬಲಿಯುತ್ತದೆ, ಆಗ ಹಾಕಿ ಎನ್ನುವುದು ಅವರ ಹೆಂಡತಿಯ ಪಕ್ಷ. ನಮ್ಮ ಮನೆಯವರು ಶಿವರಾತ್ರಿಯ ಕಡೆ. ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ಭಯವಿಲ್ಲವಂತೆ. ನರ್ಸರಿಯವನದು ಎಲ್ಲ ಗಿಡಕ್ಕೂ ಒಂದೇ ಮಂತ್ರ: "ವಾರಕ್ಕೆ ಎರಡು ಸಲ ಹಾಕಿ ಮೇಡಂ." ಕಳ್ಳಿಗೂ ಅದೇ, ಕಮಲಕ್ಕೂ ಅದೇ.

ಗಿಡಕ್ಕೆ ಒಂಟಿಕೊಪ್ಪಲ್ ಪಂಚಾಂಗ ಓದಲು ಬರುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಅದರ ಮುಹೂರ್ತ ಅದರ ಮೈಮೇಲೆಯೇ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಬೇಕು. ಬೋಳು ಕಡ್ಡಿಯ ಗೆಣ್ಣುಗಳಲ್ಲಿ ಸಣ್ಣ ಗುಬುಟು ಏಳುತ್ತದೆ. ಅದು ಮೊಗ್ಗೋ ಮರಿಯೋ ಶುರುವಿನಲ್ಲಿ ತಿಳಿಯದು. ತುದಿ ಉರುಟಾಗಿ, ಮೊಗ್ಗೆಂದು ಖಾತ್ರಿಯಾದ ಮೇಲೆ ಬೆಳಗಿನ ಹೊತ್ತು ಸ್ವಲ್ಪ ನೀರು ತೋರಿಸಬಹುದು. ತೋರಿಸುವುದು ಅಷ್ಟೇ, ಅಭ್ಯಂಜನ ಅಲ್ಲ. ಎರಡನೆಯ ಗುರುತು ಬುಡದಲ್ಲಿದೆ. ಹಳೆ ಕಡ್ಡಿಯ ಪಕ್ಕದಲ್ಲಿ ಹೊಸ ಮೊಳಕೆ ಮೂತಿ ಹೊರಹಾಕುತ್ತದೆ. ಹಸಿರು ಕಂಡದ್ದೇ ತಡ, ಚೊಂಬು ಹಿಡಿದು ಓಡುವವರೇ ಎಲ್ಲರೂ. ಎಡವಟ್ಟಾಗುವುದು ಈ ಹೊತ್ತಿನಲ್ಲೇ. ಮೊಳಕೆಗೆ ಇನ್ನೂ ಬೇರಿಲ್ಲ. ಕುಡಿಯಲು ಬಾಯಿಯೇ ಇಲ್ಲ. ಹಳೆ ಕಡ್ಡಿಯ ದಾಸ್ತಾನಿನಿಂದಲೇ ಅದರ ಊಟ ನಡೆದಿರುತ್ತದೆ, ಅದಕ್ಕೇ ಆ ಕಡ್ಡಿ ಸುಕ್ಕಾಗುವುದು. ಸುರಿದ ನೀರು ಎಳೆ ಎಲೆಗಳ ಸುಳಿಯಲ್ಲಿ ನಿಂತು ಮೊಳಕೆ ಕೊಳೆಯುತ್ತದೆ.

ಕೆಲವು ವಾರ ಕಾದರೆ ಮೊಳಕೆಯ ಬುಡದಿಂದ ಬೇರು ಇಳಿಯುತ್ತದೆ. ಮೈ ಬಿಳಿ, ತುದಿ ಮಾತ್ರ ಮೆರುಗಿನ ಹಸಿರು. ಒಣಗಿದ್ದಾಗ ಬೆಳ್ಳಗಿರುವ ಆ ಬೇರಿನ ಮೇಲೆ ಒಂದು ಹನಿ ಬಿಟ್ಟು ನೋಡಿ: ಹೊರಗಿನ ಸ್ಪಂಜಿನಂಥ ಪದರ ನೀರು ಹೀರಿ, ಕಣ್ಣೆದುರೇ ಹಸಿರಾಗುತ್ತದೆ. ಆ ಬೇರು ಒಂದೆರಡು ಇಂಚು ಬೆಳೆದು ಇದ್ದಿಲನ್ನು ಹಿಡಿದುಕೊಂಡ ದಿನ ಚೊಂಬಿಗೆ ಬಿಡುಗಡೆ. ಅಮೆರಿಕ ಖಂಡದ ಕೆಟಸೀಟಂ ಎಂಬ ಆರ್ಕಿಡ್ ಬೆಳೆಸುವವರು ಇನ್ನೂ ಕಟ್ಟುನಿಟ್ಟು. ಹೊಸ ಬೇರು 3ರಿಂದ 5 ಇಂಚು ಆಗುವ ತನಕ ತೊಟ್ಟು ನೀರು ಹಾಕುವುದಿಲ್ಲ. ಅವರ ಅತ್ತೆಯರು ಬೇರೆ ಮನೆಯಲ್ಲಿರುತ್ತಾರೇನೋ.

ಇದನ್ನೆಲ್ಲ ನನ್ನ ತವರಿನಲ್ಲಿ ಹೇಳಿದರೆ ನಗುತ್ತಾರೆ. ತೀರ್ಥಹಳ್ಳಿ ಕಡೆ ಹಲಸಿನ ಮರದ ಮೇಲೆ ಬೆಳೆದ ಸೀತಾಳೆ ಎಂಬ ಆರ್ಕಿಡ್‌ಗೆ ಯಾರೂ ನೀರು ಹೊತ್ತವರಲ್ಲ. ಅಲ್ಲಿನ ಕಾಡಿನ ಬಿಳಿ ಡೆಂಡ್ರೋಬಿಯಂ ಎಲೆಯೆಲ್ಲ ಕಳೆದುಕೊಂಡು, ಮಳೆಯಿಲ್ಲದ ಒಣ ದಿನಗಳಲ್ಲಿ ಬೋಳು ಕಡ್ಡಿಯ ಮೇಲೇ ಹೂ ಬಿಡುತ್ತದೆ. ಕಾಫಿ ತೋಟದವರಿಗೂ ಈ ಲೆಕ್ಕ ಹೊಸದಲ್ಲ. ಒಣಗಿ ಕಾದ ಕಾಫಿ ಮೊಗ್ಗಿಗೆ ಮಾರ್ಚ್-ಏಪ್ರಿಲ್‌ನಲ್ಲಿ ಇಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಕಾಯುವ ಕಷ್ಟ ಅವರಿಗೂ ಇದೆ; ವ್ಯತ್ಯಾಸವೆಂದರೆ ಅವರು ಆಕಾಶವನ್ನು ಬೈಯುತ್ತಾರೆ, ನನ್ನನ್ನು ಇಡೀ ಬೀದಿ ಬೈಯುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ. ಈ ಉಪವಾಸ ಎಲ್ಲ ಆರ್ಕಿಡ್‌ಗೂ ಅಲ್ಲ. ಅಂಗಡಿಗಳಲ್ಲಿ ಸಿಗುವ, ಚಿಟ್ಟೆಯಂಥ ಹೂವಿನ ಫೆಲನಾಪ್ಸಿಸ್‌ಗೆ ನೀರು ಕೂಡಿಡಲು ಕಡ್ಡಿಯೇ ಇಲ್ಲ. ಅದನ್ನು ಚಳಿಗಾಲವೆಲ್ಲ ಒಣಗಿಸಿದರೆ ಹೋಗಿಯೇ ಬಿಡುತ್ತದೆ. ನೊಬೈಲ್ ಕೂಡ ತೀರ ಸೊರಗಿ ಕಂಡರೆ ಬೆಳಗ್ಗೆ ಬೇರಿನ ಮೇಲೊಂದಿಷ್ಟು ತುಂತುರು ಹಾಕಿದರೆ ತಪ್ಪಿಲ್ಲ, ಇಬ್ಬನಿ ಬಿತ್ತೆಂದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಆ ತುಂತುರಿನ ಬಾಟಲಿಯನ್ನು ಅತ್ತೆಯವರ ಕೈಗೇ ಕೊಟ್ಟಿದ್ದೇನೆ. ಒಂದು ಸಲ ಒತ್ತಿದರೆ ಅರ್ಧ ಚಮಚವೂ ಬೀಳುವುದಿಲ್ಲ, ಒತ್ತಿ ಒತ್ತಿ ಬೆರಳು ನೋಯುತ್ತದೆ. ನಿಮ್ಮ ಮನೆಯಲ್ಲೂ ಕರುಣಾಳುಗಳಿದ್ದರೆ ಇಂಥದ್ದೊಂದು ಬಾಟಲಿ ಕೊಡಿಸಿ, ಅಕ್ಕಚ್ಚನ್ನು ಕರಿಬೇವಿನ ಗಿಡಕ್ಕೆ ತೋರಿಸಿ.