ಶೂನ್ಯ ವಿಳಂಬಕ್ಕೆ ಹೃತ್ಪೂರ್ವಕ ಅಭಿನಂದನೆ

ಗೆ,
ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು,
ನಮ್ಮೂರ ಪುರಸಭೆ.

ವಿಷಯ: ಒಂದು ಅರ್ಜಿಯೂ ಅವಧಿ ಮೀರದಂತೆ ನೋಡಿಕೊಂಡಿದ್ದಕ್ಕೆ ಅಭಿನಂದನೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಕಚೇರಿಯ ಗೋಡೆಯ ಮೇಲಿನ ಸಕಾಲ ಪಟ್ಟಿ ಓದಿ ಪರಮಾನಂದವಾಯಿತು. 'ಅವಧಿ ಮೀರಿದ ಅರ್ಜಿ: ಇಲ್ಲ' ಎಂದಿದೆ. ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಖಾತಾ ನಕಲಿಗೆಂದು ಬಂದ ನಾವೆಲ್ಲ ವರಾಂಡದಲ್ಲಿ ನಿಂತಿದ್ದಾಗ ಕೌಂಟರಿನ ಹುಡುಗಿ 'ಸರ್ವರ್ ಇಲ್ಲ, ನಾಳೆ ಬನ್ನಿ' ಅಂದಳು. ಸರ್ವರ್ ಇಲ್ಲದೆ ಅರ್ಜಿ ಹತ್ತದು. ಅರ್ಜಿ ಹತ್ತದೆ ಸಕಾಲದ ಸ್ವೀಕೃತಿಯ 15 ಅಂಕಿಯ ಜಿಎಸ್‌ಸಿ ನಂಬರು ಬಾರದು. ನಂಬರು ಬರುವ ತನಕ ದಿನದ ಎಣಿಕೆಯೂ ಶುರುವಾಗದು. ಹುಟ್ಟದ ಕೂಸಿಗೆ ವಯಸ್ಸಾಗುವುದುಂಟೇ?

ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ 2011ರ ಸಕಾಲ ಕಾಯ್ದೆ ತಂದವರಿಗೆ ಈ ಉಪಾಯ ಹೊಳೆದಿರಲಿಲ್ಲ, ಪಾಪ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದವರ ಕಿಸೆಯಿಂದ ಎಂದು ಬರೆದರು. ಅವರ ಕಣ್ಣೆಲ್ಲ ಗುಮಾಸ್ತನ ಮೇಲಿತ್ತು. ಗುಮಾಸ್ತ ಹಾಜರಿದ್ದು ಯಂತ್ರವೇ ಗೈರಾದರೆ ಯಾರ ಸಂಬಳ ಮುರಿಯುವುದು?

ಕಂಪ್ಯೂಟರ್ ಬಂದದ್ದೇ ಕೇಡಾಯಿತು ಎನ್ನುವ ಪೈಕಿ ನಾನಲ್ಲ. ಇದೇ ರಾಜ್ಯದಲ್ಲಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೇರಿಸಿದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ಗಂಟಿನಿಂದ ಬಿಡಿಸಿ, 15 ರೂಪಾಯಿಗೆ ರೈತನ ಕೈಗಿಟ್ಟಿತು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರ ಖಡಾಖಂಡಿತ ಹೇಳಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಸಾಗಬೇಕು, ಬೇಕಾದವರದನ್ನು ಮೇಲೆ ತೆಗೆದಿಡುವಂತಿಲ್ಲ ಎಂಬ ಕಟ್ಟು ಮಾಡಿತು. ಭೂಮಿಯನ್ನು ಗೆಲ್ಲಿಸಿದ್ದು ಇಂಥ ಕಟ್ಟುಪಾಡು. ತಾವು ಯಂತ್ರವನ್ನು ತಂದಿರಿ, ಕಟ್ಟುಪಾಡನ್ನು ಅಲ್ಲಿಯೇ ಬಿಟ್ಟು ಬಂದಿರಿ.

ಆನ್‌ಲೈನಿನಲ್ಲಿ ಹಾಕಿದ ದಾಖಲೆಗಳನ್ನೇ ಎರಡು ಸೆಟ್ ಜೆರಾಕ್ಸ್ ಮಾಡಿಸಿ ತನ್ನಿ ಎನ್ನುವ ತಮ್ಮ ಕ್ರಮದಿಂದ ಎದುರಿನ ಅಂಗಡಿಯವರ ಸಂಸಾರ ಚೆನ್ನಾಗಿ ನಡೆಯುತ್ತಿದೆ, ಅದಕ್ಕೂ ವಂದನೆ. ಇನ್ನು ಓಟಿಪಿ. ಕ್ಯೂನಲ್ಲಿದ್ದ ಅಜ್ಜಿಯ ಓಟಿಪಿ ಹೋದದ್ದು ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಮೊಮ್ಮಗನ ಫೋನಿಗೆ. ಅವನು ಎದ್ದು ಹೇಳುವಷ್ಟರಲ್ಲಿ ಅದರ ಗಡುವು ಮುಗಿದಿತ್ತು. ಇಡೀ ಕಚೇರಿಯಲ್ಲಿ ಗಡುವಿಗೆ ಸರಿಯಾಗಿ ಮುಗಿದದ್ದು ಅದೊಂದೇ.

ಕೌಂಟರಿನ ಆ ಹುಡುಗಿಯ ಮೇಲೆ ನನ್ನ ದೂರಿಲ್ಲ. ಹೊರಗುತ್ತಿಗೆಯ ಸಂಬಳಕ್ಕೆ ದಿನವಿಡೀ ಬೈಸಿಕೊಳ್ಳುವವಳು ಅವಳು. ಸರ್ವರ್ ಯಾವ ಊರಲ್ಲಿದೆ ಎಂಬುದೂ ಅವಳಿಗೆ ತಿಳಿಯದು.

ಕಡೆಯದಾಗಿ ಒಂದು ಕೋರಿಕೆ. ಸರ್ವರ್ ಇಲ್ಲದ ದಿನ ಬಿಳಿ ಹಾಳೆಯ ಅರ್ಜಿಯನ್ನೇ ತೆಗೆದುಕೊಳ್ಳಿ, ತಾರೀಕು ಹಾಕಿ ಸೀಲು ಒತ್ತಿ ಸ್ವೀಕೃತಿ ಕೊಡಿ, ಸಕಾಲದ ಲೆಕ್ಕ ಆ ತಾರೀಕಿನಿಂದಲೇ ಹಿಡಿಯಿರಿ. ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಕಿಲ್ಲ, ಟೆಂಡರ್ ಕರೆಯಬೇಕಿಲ್ಲ. ಸೀಲು ತಮ್ಮ ಮೇಜಿನ ಮೇಲೆಯೇ ಇದೆ.

ಇಂತಿ ತಮ್ಮ ವಿಶ್ವಾಸಿ,
ನಂಬರು ಸಿಗದ ಅರ್ಜಿದಾರ