ಮಂಡಿಗೂ ಒಂದು ಮಾತು

‘ದೇಹದ ಮಾತು ಕೇಳಿ ವ್ಯಾಯಾಮ ಮಾಡಿ’ ಎಂದು ಈಗ ಎಲ್ಲರೂ ಹೇಳುತ್ತಾರೆ. ಅವರ ದೇಹ ಸತ್ಯಸಂಧ ಇರಬೇಕು. ನನ್ನದು ಬೆಳಗಿನ ಐದೂವರೆಗೆ ಒಕ್ಕೊರಲಿನಿಂದ ‘ಮಲಗು’ ಎನ್ನುತ್ತದೆ. ಚಾಮುಂಡಿ ಬೆಟ್ಟದ ಪಾದಕ್ಕೆ ಬಂದರೆ ಕಾಲು ಸುಮ್ಮನಿರುತ್ತದೆ, ಹೊಟ್ಟೆ ಮಾತ್ರ ಮಸಾಲೆ ದೋಸೆಯ ವಿಷಯ ತೆಗೆಯುತ್ತದೆ. ಇಷ್ಟು ಜನ ಒಟ್ಟಿಗೆ ಮಾತಾಡುವಾಗ ಯಾರ ಮಾತು ಕೇಳೋಣ?

ಸಾಲದೆಂದು ಮಗಳು ಕೊಡಿಸಿದ ವಾಚು ಬೇರೆ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕಂತೆ. ಈ ಲೆಕ್ಕ ಯಾವ ವೈದ್ಯರೂ ಬರೆದುಕೊಟ್ಟ ಚೀಟಿಯಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರುವವರು ಹಿಡಿದ ಗುಂಡು ಸಂಖ್ಯೆ. ಆಯಾಸ ಅಳೆಯುವುದಕ್ಕೆ ನನಗೆ ಸ್ವೀಡನ್ನಿನ ಗುನ್ನಾರ್ ಬೋರ್ಗ್ ವಾಸಿ ಅನಿಸುತ್ತಾರೆ. ‘ನಿಮಗೆ ಎಷ್ಟು ಕಷ್ಟ ಆಗ್ತಿದೆ, ನೀವೇ ಹೇಳಿ’ ಎಂದು 6ರಿಂದ 20ರವರೆಗೆ ಅಂಕ ಇಟ್ಟರು. ಅದನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಡಿಮೆ ಹೃದಯದ ಬಡಿತ. ನಮ್ಮ ಇಂಟರ್ನಲ್ ಅಸೆಸ್‌ಮೆಂಟಿನ ಹಾಗೆ, ಸುಮ್ಮನೆ ಕೂತವನಿಗೂ ಆರು ಗ್ಯಾರಂಟಿ.

ಇನ್ನೂ ಸುಲಭದ್ದು ಮಾತಿನ ಪರೀಕ್ಷೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಆಗ ಮಧ್ಯಮ ಶ್ರಮ. ನನ್ನ ಜೊತೆ ಹತ್ತುವ ನಿವೃತ್ತರೊಬ್ಬರು ಕೆಳಗಿನ ಮೆಟ್ಟಿಲಲ್ಲಿ ಸೈಟಿನ ವ್ಯಾಜ್ಯ ಶುರು ಮಾಡುತ್ತಾರೆ. ನಂದಿ ಬರುವ ಹೊತ್ತಿಗೆ ಕರ್ತೃ ಕರ್ಮ ಎಲ್ಲ ಉದುರಿ ಬರೀ ಕ್ರಿಯಾಪದ ಉಳಿದಿರುತ್ತದೆ: ‘ಹಾಕ್ದ… ಗೆದ್ದ… ಕೂರೋಣ.’ ಹದಿನೇಳನೇ ಶತಮಾನದಿಂದ ಕೂತೇ ಇರುವ ಆ ನಂದಿಯ ಮೈಕಟ್ಟು ನೋಡಿದರೆ ವ್ಯಾಯಾಮದ ಬಗ್ಗೆಯೇ ಅನುಮಾನ ಬರುತ್ತದೆ.

ಅಲ್ಲಿ ಒಬ್ಬ ಅಜ್ಜಿಯನ್ನು ನೋಡಿದೆ. ಆಷಾಢದ ಹರಕೆ. ಎಡಗೈಯಲ್ಲಿ ಸ್ಟೀಲ್ ಬಟ್ಟಲು, ಬಗ್ಗಿ ಮೆಟ್ಟಿಲಿಗೆ ಅರಿಶಿನ ಬಳಿದು, ಮೇಲೊಂದು ಕುಂಕುಮದ ಬೊಟ್ಟು, ಸೊಂಟಕ್ಕೆ ಕೈಕೊಟ್ಟು ಒಂದು ಉಸಿರು, ಆಮೇಲೆ ಮುಂದಿನ ಮೆಟ್ಟಿಲು. ಸಾವಿರ ಚಿಲ್ಲರೆ ಮೆಟ್ಟಿಲಿಗೂ ಅದೇ ಲಯ. ದಣಿದಾಗ ನಿಲ್ಲುತ್ತಿದ್ದರು, ಯಾರ ಹತ್ತಿರವೂ ಕ್ಷಮೆ ಕೇಳುತ್ತಿರಲಿಲ್ಲ. ನಾವೋ, ಏದುಸಿರು ಬಿಡುವಾಗ ಯಾರಾದರೂ ಎದುರು ಬಂದರೆ ಫೋನು ನೋಡುವವರ ಹಾಗೆ ನಿಲ್ಲುವವರು.

ತೊಡೆ ಉರಿದರೆ ಉರಿಯಲಿ, ಅದು ದುಡಿಮೆಯ ಉರಿ ಎಂದು ಈಗೀಗ ಗೊತ್ತಾಗುತ್ತದೆ. ಮಂಡಿಯ ಒಳಮಗ್ಗುಲಲ್ಲಿ ಸೂಜಿ ಚುಚ್ಚಿದ ಹಾಗಾದರೆ ಮಾತ್ರ ಸಭೆ ಅಲ್ಲಿಗೆ ಬರಖಾಸ್ತು. ಮೋಸ ಇರುವುದು ಇಳಿಯುವುದರಲ್ಲಿ. ಉಸಿರು ಹಗುರ, ಮಾತು ಸಲೀಸು, ಬೇಕಾದರೆ ಹಾಡಲೂಬಹುದು. ಆದರೆ ಮೈಭಾರ ತಡೆಯುತ್ತಾ ತೊಡೆಯ ಸ್ನಾಯು ಹಿಗ್ಗುತ್ತಿರುತ್ತದೆ. ಅದರ ಬಿಲ್ಲು ಒಂದೆರಡು ದಿನ ಬಿಟ್ಟು, ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂರಲು ಹೋದಾಗ ಬರುತ್ತದೆ.

ಹಾಗಾಗಿ ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಲ್ಲಿ. ತಿರುವುಗಳ ಕುಲುಕಾಟವನ್ನೂ ವಾಚು ಹೆಜ್ಜೆ ಎಂದು ಬರೆದುಕೊಳ್ಳುತ್ತದೆ, ನಾನು ತಿದ್ದಲು ಹೋಗುವುದಿಲ್ಲ. ಅಂದು ಬಸ್ಸು ತುಂಬಿತ್ತು. ಅದೇ ಅಜ್ಜಿ ಖಾಲಿ ಬಟ್ಟಲು ಹಿಡಿದು ಹತ್ತಿದರು. ನನ್ನವಳು ‘ರೀ, ಏಳ್ರೀ’ ಎಂದು ತಿವಿದಳು. ಎದ್ದೆ. ಮಂಡಿ ಲಟಕ್ಕೆಂದಿತು.

ಅಜ್ಜಿ ನನ್ನ ಭುಜ ಅದುಮಿ ಕೂರಿಸಿದರು. ‘ಬ್ಯಾಡ ಕಣಪ್ಪ, ನೀನೇ ಕೂತ್ಕೊ. ಹತ್ತೋವಾಗ್ಲೇ ನೋಡ್ದೆ ನಿನ್ ಮೊಕಾನ.’