ಹೆಜ್ಜೆ ಲೆಕ್ಕದ ರಾಯರು

ನಮ್ಮ ಸೆಕ್ಷನ್ನಿನ ಸೂಪರಿಂಟೆಂಡೆಂಟ್ ರಾಯರ ಎಡಗೈಯಲ್ಲಿ ಮಗಳು ಅಮೆರಿಕದಿಂದ ತಂದುಕೊಟ್ಟ ವಾಚಿದೆ. ಅದು ಗಂಟೆ ಹೇಳುವುದು ಕಡಿಮೆ, ಬುದ್ಧಿ ಹೇಳುವುದು ಜಾಸ್ತಿ. ಬಹಳ ಹೊತ್ತು ಕದಲದೆ ಕೂತರೆ ಜುಂ ಎಂದು ನಡುಗಿ ಏಳು ಅನ್ನುತ್ತದೆ. ರಾಯರು ಏಳುವುದಿಲ್ಲ. ಕೂತಲ್ಲೇ ಕೈಯನ್ನು ಮೊಸರು ಕಡೆಯುವ ಹಾಗೆ ಹಿಂದೆ ಮುಂದೆ ಆಡಿಸುತ್ತಾರೆ. ನಲವತ್ತು ಹೆಜ್ಜೆ ಜಮೆ! “ಅದಕ್ಕೂ ಸಮಾಧಾನ, ನನಗೂ ಸಮಾಧಾನ” ಎಂದು ಮತ್ತೆ ಫೈಲಿಗೆ ಬಗ್ಗುತ್ತಾರೆ.

ನಡಿಗೆಯ ವಿಷಯದಲ್ಲಿ ಅವರು ಪಂಡಿತರು. ಪಾಠ ನಡೆಯುವುದು ಲಿಫ್ಟಿನ ಬಾಗಿಲಲ್ಲಿ. “1953ರಲ್ಲಿ ಜೆರ್ರಿ ಮಾರಿಸ್ ಅಂತ ಒಬ್ಬ ಡಾಕ್ಟರು ಲಂಡನ್ನಿನ ಬಸ್ಸಿನವರ ಲೆಕ್ಕ ತೆಗೆದ ರೀ. ಕೂತು ಓಡಿಸೋ ಡ್ರೈವರಿಗೆ ಹಾರ್ಟ್ ಕಾಯಿಲೆ ಜಾಸ್ತಿ. ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರಿಗೆ ಕಡಿಮೆ. ಮೆಟ್ಟಿಲಿನ ಮಹಿಮೆ ಅಂದ್ರೆ ಏನಂದ್ಕೊಂಡ್ರಿ?” ಅಷ್ಟರಲ್ಲಿ ಲಿಫ್ಟು ಬರುತ್ತದೆ. ಹತ್ತಿ ಎರಡನೇ ಮಹಡಿಗೆ ಹೋಗುತ್ತೇವೆ.

ರಾಯರನ್ನೇ ದೂರಿ ಏನು ಪ್ರಯೋಜನ? ನಮ್ಮ ಕಚೇರಿಯ ಮೆಟ್ಟಿಲನ್ನು ನೀವು ನೋಡಬೇಕು. ಮೊದಲ ತಿರುವಿನಲ್ಲಿ ಹಳೇ ಬೀರು, ಅದರ ಮೇಲೆ ಮೂರು ಕಾಲಿನ ಕುರ್ಚಿ, ಅದರ ಮೇಲೆ ಗೆದ್ದಲು ಓದಿ ಮುಗಿಸಿದ ರಿಜಿಸ್ಟರುಗಳು. ಬಲ್ಬು ಯಾವತ್ತೋ ಹೋಗಿದೆ. ಎಲೆಯಡಿಕೆ ಉಗುಳಬಾರದೆಂದು ಮೂಲೆಗಳಲ್ಲಿ ದೇವರ ಪಟದ ಟೈಲ್ಸ್ ಅಂಟಿಸಿದ್ದಾರೆ. ಜನ ಭಕ್ತಿಯಿಂದ ಒಂದಡಿ ಪಕ್ಕಕ್ಕೆ ಸರಿದು ಉಗುಳುತ್ತಾರೆ. ಹೀಗಾಗಿ ಚಪ್ಪಲಿ ಬಿಟ್ಟು ಹತ್ತಬೇಕೋ, ಮೂಗು ಮುಚ್ಚಿ ಹತ್ತಬೇಕೋ ತಿಳಿಯುವುದಿಲ್ಲ. ಇನ್ನು ಮೆಟ್ರೋ ಇಳಿದು ನಡೆದು ಬರೋಣವೆಂದರೆ ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರು, ಬಾಯಿ ಬಿಟ್ಟ ಚರಂಡಿ, ‘ಸೈಡ್ ಬಿಡಿ ಅಂಕಲ್’ ಅನ್ನುವ ಸ್ಕೂಟರಿನ ಹುಡುಗ. ರಾಯರು ಆಟೋ ಹತ್ತುತ್ತಾರೆ. ನಾನೂ ಅದೇ ಆಟೋದಲ್ಲಿ ಇರುತ್ತೇನೆ ಅನ್ನುವುದು ಬೇರೆ ವಿಷಯ.

ಭಾನುವಾರ ಮಾತ್ರ ಲಾಲ್‌ಬಾಗ್ ತಪ್ಪಿಸುವುದಿಲ್ಲ. ಬಿಳೀ ಶೂ, ಮಂಕಿಕ್ಯಾಪು. ಕೆಂಪೇಗೌಡರ ಗೋಪುರವಿರುವ ಬಂಡೆಯ ತನಕ ಬಂದು ಅದಕ್ಕೆ ಒರಗಿ ಕೂರುತ್ತಾರೆ. “ಇದಕ್ಕೆ 300 ಕೋಟಿ ವರ್ಷ ರೀ. ಕೂತಲ್ಲೇ ಕೂತಿದೆ. ಇದಕ್ಕೆ ಶುಗರ್ ಬಂತಾ?” ಅಲ್ಲಿಂದ ಸವಾರಿ ನೇರ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ. ದೋಸೆಗೆ ಸರದಿಯಲ್ಲಿ ನಿಂತಷ್ಟು ಹೊತ್ತು ರಾಯರು ಬೇರೆಲ್ಲೂ ನಿಂತದ್ದನ್ನು ನಾನು ಕಂಡಿಲ್ಲ.

ದಿನಕ್ಕೆ 10,000 ಹೆಜ್ಜೆ ಎನ್ನುವ ಲೆಕ್ಕ 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂತು ಅಂತ ಎಲ್ಲೋ ಓದಿದ ದಿನ ರಾಯರು ಸೆಕ್ಷನ್ನಿಗೆಲ್ಲ ಬಾದುಷಾ ಹಂಚಿದರು. “ಬರೀ ವ್ಯಾಪಾರ ರೀ!” ಅಂದೇ ವಾಚಿನ ಗುರಿಯನ್ನು ಎರಡು ಸಾವಿರಕ್ಕೆ ಇಳಿಸಿದರು. ಅದೂ ಆಗಲಿಲ್ಲ.

ಕಳೆದ ಯುಗಾದಿ ಹೊತ್ತಿಗೆ ನಮ್ಮ ಅಟೆಂಡರು ನಿವೃತ್ತನಾದ. ಆ ಜಾಗಕ್ಕೆ ಯಾರೂ ಬರಲಿಲ್ಲ. ಕಾಫಿಗೆ ಕೆಳಗಿಳಿಯಬೇಕು, ಜೆರಾಕ್ಸಿಗೆ ಎದುರು ಕಟ್ಟಡ, ಸಾಹೇಬರ ಸಹಿಗೆ ನಾಲ್ಕನೇ ಮಹಡಿ, ಲಿಫ್ಟು ರಿಪೇರಿ. ರಾಯರು ಸಿಟ್ಟಿನಲ್ಲಿ ಹುದ್ದೆ ಭರ್ತಿ ಮಾಡಬೇಕೆಂದು ಟಿಪ್ಪಣಿ ಬರೆದರು. ಕಂಪ್ಯೂಟರಿಗೆ ಹಾಕಿದರೆ ಯಾರೂ ತೆಗೆದು ನೋಡುವುದಿಲ್ಲವೆಂದು ಕಾಗದದ ಫೈಲೇ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಮೇಜಿನಿಂದ ಮೇಜಿಗೆ ತಿರುಗಿದರು. ಲೆಕ್ಕಪತ್ರದವರು ಆಡಳಿತಕ್ಕೆ ಅಟ್ಟಿದರು, ಆಡಳಿತದವರು ‘ಸ್ಪಷ್ಟೀಕರಣ ಕೋರಿ ಹಿಂತಿರುಗಿಸಿದೆ’ ಎಂದು ಷರಾ ಬರೆದರು. ನಾಲ್ಕು ತಿಂಗಳಾಯಿತು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿವೆ. ಸಂಜೆ ನಾಲ್ಕಕ್ಕೆಲ್ಲ ವಾಚು ಪಟಾಕಿ ಹಾರಿಸಿ ಶಹಬ್ಬಾಸ್ ಅನ್ನುತ್ತದೆ. ರಾಯರು ಅದನ್ನು ನೋಡುವ ಸ್ಥಿತಿಯಲ್ಲಿಲ್ಲ, ಇಲಾಖೆಯನ್ನು ಬೈಯುತ್ತಿರುತ್ತಾರೆ.

ಮೊನ್ನೆ ಅವರ ಮನೆಯವರು ತರಕಾರಿ ಅಂಗಡಿಯಲ್ಲಿ ಸಿಕ್ಕರು. ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಡಾಕ್ಟರು ಶುಗರ್ ಮಾತ್ರೆ ಅರ್ಧ ಮಾಡಿದ್ದಾರೆ. ಆ ಫೈಲು ಈಗಲೇ ಮಂಜೂರಾಗದ ಹಾಗೆ ನೀವೇ ಸ್ವಲ್ಪ ನೋಡ್ಕೋಬೇಕು. ಅವರಿಗೆ ಮಾತ್ರ ಹೇಳ್ಬೇಡಿ.”